ಸಿದ್ಧ ತಂತ್ರಾಂಶದ ಗುಣಪರೀಕ್ಷೆ

ಮಧುಗಿರಿಯ ಬೆಟ್ಟದ ಕೆಳಗಿನ ಪೇಟೆಯಲ್ಲಾಗಲಿ, ಶಿರಾದ ಸಂತೆಯಲ್ಲಾಗಲಿ ಮಡಕೆಯನ್ನು ಕೊಳ್ಳಹೋದ ಗೃಹಿಣಿಯು ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನಾದವನ್ನು ಕೇಳಿದ ಮೇಲಲ್ಲದೆ ಹಣವನ್ನು ಬಿಚ್ಚುವುದಿಲ್ಲ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವುದೂ, ಎತ್ತಿನ ಬಾಯನ್ನು ತೆರೆದು ಹಲ್ಲನ್ನು ಎಣಿಸುವುದೂ, ಹುಣಿಸೆಹಣ್ಣನ್ನು ಹಿಚುಕಿ ಬೀಜವೆಷ್ಟು ತಿರುಳೆಷ್ಟು ಎಂದು ತಿಳಿಯುವುದೂ ಯಾವ ಶಾಲೆಯಲ್ಲಿಯೂ ಕಲಿಸದ, ಆದರೆ ಈ ಸೀಮೆಯಲ್ಲಿ ಎಲ್ಲರಿಗೂ ಬರುವ ವಿದ್ಯೆಗಳು. ಅದೇ ಪೇಟೆಯ ವರ್ತಕನು ತನ್ನ ವರ್ಷವೆಲ್ಲದರ ಜಮಾಖರ್ಚನ್ನು ಒಪ್ಪಿಸತಕ್ಕ ಲೆಕ್ಕದ ತಂತ್ರಾಂಶವನ್ನು ಕೊಳ್ಳುವಾಗ ಏನನ್ನು ತಟ್ಟಿ ನೋಡಬೇಕು? ಅದಕ್ಕೆ ನಾದವಿಲ್ಲ, ತೂಕವಿಲ್ಲ, ಹಲ್ಲಿಲ್ಲ. ಪರದೆಯ ಮೇಲೆ ಕಾಣುವ ಅಂದವಾದ ಮುಖವೊಂದಿದೆ. ಒಳಗಿನ ಕೆಲಸವು ಕೊಳ್ಳುವವನಿಗೂ ಕಾಣದು, ಅನೇಕ ವೇಳೆ ಮಾರುವವನಿಗೂ ಕಾಣದು.

ಸಿದ್ಧ ತಂತ್ರಾಂಶವೆಂದರೆ ಒಬ್ಬನ ಮೈಯಳತೆಗೆ ಹೊಲಿದ ಅಂಗಿಯಲ್ಲ. ಎಲ್ಲರಿಗೂ ಸುಮಾರಾಗಿ ಒಪ್ಪುವಂತೆ ಒಮ್ಮೆ ಹೊಲಿದು, ಅದೇ ಅಂಗಿಯನ್ನು ಲಕ್ಷ ಮಂದಿಗೆ ಮಾರುವ ಬಗೆ ಅದು. ಅದರಿಂದ ಬೆಲೆಯು ಇಳಿಯುತ್ತದೆ. ಬೇಕಾದ ದಿನವೇ ವಸ್ತುವು ಕೈಗೆ ಬರುತ್ತದೆ. ಮೊದಲು ಕೊಂಡವರ ಅನುಭವದಿಂದ ದೋಷಗಳು ತಿದ್ದಲ್ಪಡುತ್ತವೆ. ಇವೆಲ್ಲ ಗುಣಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂಗಿಯ ತೋಳು ಗಿಡ್ಡವಾದರೆ ತೊಟ್ಟವನಿಗೆ ಆ ಕ್ಷಣವೇ ತಿಳಿಯುತ್ತದೆ. ತಂತ್ರಾಂಶದ ಕೊರತೆಯಾದರೋ ತಿಂಗಳುಗಳ ಮೇಲೆ ತಿಳಿಯುತ್ತದೆ. ಅದೂ ಅನೇಕ ವೇಳೆ ಕೊಂಡವನಿಗಲ್ಲ, ಬೇರೊಬ್ಬನಿಗೆ. ಆದುದರಿಂದ ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇದರ ಗುಣವನ್ನು ತಿಳಿಯುವ ಬಗೆ ಯಾವುದು ಎಂಬುದು ಒಂದು. ತಿಳಿಯಬೇಕಾದ ಹೊಣೆ ಯಾರದು ಎಂಬುದು ಮತ್ತೊಂದು. ಮೊದಲನೆಯದು ಯುಕ್ತಿಗೆ ಸೇರಿದುದು, ಎರಡನೆಯದು ಧರ್ಮಕ್ಕೆ ಸೇರಿದುದು.

ಕರ್ನಾಟಕದಲ್ಲಿಯೇ ನಡೆದ ಒಂದು ನಿದರ್ಶನವು ಮೊದಲನೆಯ ಪ್ರಶ್ನೆಗೆ ಬೆಳಕನ್ನು ಕೊಡುತ್ತದೆ. ಗಿರಣಿಗಳಿಗೆ ಕಚ್ಚಾ ಸಾಮಗ್ರಿಯನ್ನೂ ಯಂತ್ರಭಾಗಗಳನ್ನೂ ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ಲೆಕ್ಕಪತ್ರಗಳಿಗೆ ತಕ್ಕ ತಂತ್ರಾಂಶವನ್ನು ಹುಡುಕಿದರು. ದೊರೆತುದು ಯಾವುದೂ ಅವರಿಗೆ ಒಪ್ಪಲಿಲ್ಲ. ಕಡೆಗೆ ಗಣಿತದ ಪದವೀಧರರಾಗಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ಬರೆಯಲು ಹೇಳಿದರು. ೧೯೮೬ರಲ್ಲಿ ಬೆಂಗಳೂರಿನಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಿಂದ ಆರಂಭವಾದ ಆ ಸಂಸ್ಥೆಯು ೧೯೯೯ರಲ್ಲಿ ಟ್ಯಾಲಿ ಸಲ್ಯೂಷನ್ಸ್ ಎಂದು ಹೆಸರನ್ನು ಬದಲಿಸಿಕೊಂಡಿತು. ಇಂದು ಅಂಗಡಿಯ ಲೆಕ್ಕವೆಂದರೆ ಟ್ಯಾಲಿ ಎನ್ನುವಷ್ಟರಮಟ್ಟಿಗೆ ಆ ಹೆಸರು ಚಿಕ್ಕ ಊರುಗಳಲ್ಲಿಯೂ ಬಳಕೆಗೆ ಬಂದಿದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ತಂದೆಯು ಗಣಕಯಂತ್ರದ ವಿದ್ವಾಂಸರೆಂದು ಅದನ್ನು ಪರೀಕ್ಷಿಸಲಿಲ್ಲ. ಲೆಕ್ಕವನ್ನು ಬಲ್ಲ ವ್ಯಾಪಾರಿಯಾಗಿ ಪರೀಕ್ಷಿಸಿದರು. ಕಿರ್ದಿಯೂ ಖಾತೆಯೂ ಹೇಗೆ ತಾಳೆಯಾಗಬೇಕೆಂಬುದು ಅವರಿಗೆ ಗೊತ್ತಿದ್ದುದರಿಂದಲೇ ಮಾರುಕಟ್ಟೆಯ ತಂತ್ರಾಂಶಗಳು ತಮಗೆ ತಕ್ಕುವಲ್ಲವೆಂದು ಹೇಳುವುದು ಸಾಧ್ಯವಾಯಿತು. ತನ್ನ ಕೆಲಸವನ್ನು ಚೆನ್ನಾಗಿ ತಿಳಿದವನೇ ಉಪಕರಣದ ಯೋಗ್ಯ ಪರೀಕ್ಷಕನು. ಮಡಕೆಯನ್ನು ತಟ್ಟುವ ಗೃಹಿಣಿಗೆ ಕುಂಬಾರಿಕೆ ಬರಬೇಕಾಗಿಲ್ಲ. ಅಡಿಗೆ ಬಂದರೆ ಸಾಕು.

ಗುಣವೆಂಬುದು ವಸ್ತುವಿನಲ್ಲಿಯೇ ಅಡಗಿಕೊಂಡಿರುವ ಪದಾರ್ಥವಲ್ಲ, ಪ್ರಯೋಜನದೊಡನೆ ಕೂಡಿದಾಗ ಮಾತ್ರ ತೋರುವ ಸಂಬಂಧ ಎಂಬುದು ಇದರಿಂದ ವ್ಯಕ್ತವಾಗುತ್ತದೆ. ಇದಕ್ಕೆ ಪಾವಗಡವೇ ಸಾಕ್ಷಿ. ಆ ತಾಲ್ಲೂಕು ಬಹುಭಾಗ ಆಂಧ್ರದ ನೆಲದಿಂದ ಸುತ್ತುವರಿದಿರುವುದಷ್ಟೆ. ೨೦೧೭ನೆಯ ಇಸವಿ ಜುಲೈ ೧ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಕ್ರಮದಲ್ಲಿ ಪಾವಗಡದ ವರ್ತಕನು ಮಧುಗಿರಿಯವನಿಗೆ ಸರಕನ್ನು ಮಾರಿದರೆ ಕೇಂದ್ರದ ಪಾಲು, ರಾಜ್ಯದ ಪಾಲು ಎಂದು ತೆರಿಗೆಯು ಎರಡಾಗಿ ಬರೆಯಲ್ಪಡಬೇಕು. ಅದೇ ಸರಕನ್ನು ಸಮೀಪದ ಹಿಂದೂಪುರಕ್ಕೆ ಕಳುಹಿಸಿದರೆ ಅಂತರರಾಜ್ಯ ತೆರಿಗೆಯೆಂದು ಒಂದೇ ಆಗಿ ಬರೆಯಬೇಕು. ಊರಿನವರಿಗೇ ಮಾರುವ ಕೊರಟಗೆರೆಯ ಅಂಗಡಿಯೊಂದರಲ್ಲಿ ವರ್ಷವೆಲ್ಲ ನಿರ್ದೋಷವಾಗಿ ನಡೆದ ತಂತ್ರಾಂಶವು ಈ ಭೇದವನ್ನು ಸರಿಯಾಗಿ ಅರಿಯದಿದ್ದರೆ ಪಾವಗಡದಲ್ಲಿ ಮೊದಲನೆಯ ವಾರವೇ ತಪ್ಪಬಹುದು. ಕೊರಟಗೆರೆಯವನ ಹೊಗಳಿಕೆ ಸುಳ್ಳಲ್ಲ; ಆದರೆ ಅದು ಪಾವಗಡದವನಿಗೆ ಪ್ರಮಾಣವಾಗಲಾರದು.

ಕಾನೂನು ಈ ವಿಷಯದಲ್ಲಿ ಕೊಳ್ಳುವವನಿಗೆ ಎಷ್ಟು ರಕ್ಷಣೆಯನ್ನು ಕೊಡುತ್ತದೆ? ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ತಂತ್ರಾಂಶವೂ ಸರಕೇ ಎಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೦೪ರಲ್ಲಿ, ಟಾಟಾ ಕನ್ಸಲ್ಟೆನ್ಸಿ ಸಂಸ್ಥೆಗೂ ಆಂಧ್ರಪ್ರದೇಶ ಸರಕಾರಕ್ಕೂ ನಡೆದ ಮಾರಾಟ ತೆರಿಗೆಯ ವ್ಯಾಜ್ಯದಲ್ಲಿ ತೀರ್ಮಾನಿಸಿತು. ಸರಕುಗಳ ಮಾರಾಟದ ವಿಚಾರವಾಗಿ ೧೯೩೦ರ ಅಧಿನಿಯಮವಿದೆ. ಅದರ ೧೬ನೆಯ ಪ್ರಕರಣದಂತೆ, ಕೊಳ್ಳುವವನು ತನ್ನ ಪ್ರಯೋಜನವನ್ನು ತಿಳಿಸಿ ಮಾರುವವನ ಪರಿಣತಿಯನ್ನು ನಂಬಿಕೊಂಡಲ್ಲಿ, ಸರಕು ಆ ಪ್ರಯೋಜನಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ತಾನಾಗಿಯೇ ಉಂಟಾಗುತ್ತದೆ. ಆದರೆ ಹೆಸರಾದ ವಸ್ತುವನ್ನು ಅದರ ವ್ಯಾಪಾರನಾಮವನ್ನೇ ಹಿಡಿದು ಕೊಂಡರೆ ಆ ಷರತ್ತು ಇಲ್ಲ. ‘ಎಲ್ಲರೂ ಕೊಳ್ಳುವ ಆ ಹೆಸರಿನದನ್ನೇ ಕೊಡಿ’ ಎನ್ನುವವನು ಹೆಸರನ್ನು ನಂಬಿದನೇ ಹೊರತು ಮಾರುವವನನ್ನು ನಂಬಲಿಲ್ಲ ಎಂಬುದು ಇದರ ತಾತ್ಪರ್ಯ. ಹೆಸರನ್ನು ಕೊಂಡವನಿಗೆ ದೊರೆಯುವುದು ಹೆಸರು. ಇದಲ್ಲದೆ ತಂತ್ರಾಂಶದೊಡನೆ ಬರುವ ದೀರ್ಘವಾದ ಒಪ್ಪಂದಪತ್ರದಲ್ಲಿ, ವಸ್ತುವು ಇದ್ದಂತೆಯೇ ಕೊಡಲ್ಪಟ್ಟಿದೆ, ಅದರಿಂದಾದ ನಷ್ಟಕ್ಕೆ ತಯಾರಕರು ಹೊಣೆಯಲ್ಲ ಎಂಬ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಓದದೆಯೇ ಒಪ್ಪಿಗೆಯನ್ನು ಒತ್ತುವುದು ಈಗ ಲೋಕರೂಢಿಯಾಗಿದೆ.

ಪ್ರಪಂಚದ ಮಾನಕ ಸಂಸ್ಥೆಗಳೂ ಈ ವಿಷಯವನ್ನು ಆಲೋಚಿಸದೆ ಬಿಟ್ಟಿಲ್ಲ. ಸಿದ್ಧ ತಂತ್ರಾಂಶಗಳಿಗೆಂದೇ ಐಎಸ್‌ಒ ೨೫೦೫೧ ಎಂಬ ಅಂತರರಾಷ್ಟ್ರೀಯ ಮಾನಕವು ೨೦೦೬ರಲ್ಲಿ ಪ್ರಕಟವಾಗಿ ೨೦೧೪ರಲ್ಲಿ ಪರಿಷ್ಕೃತವಾಯಿತು. ಅದರ ಮೊದಲನೆಯ ಅಪೇಕ್ಷೆ ಬಹು ಸರಳವಾದುದು: ವಸ್ತುವಿನ ವಿವರಣಪತ್ರದಲ್ಲಿ ಹೇಳಿದ ಪ್ರತಿಯೊಂದು ಮಾತೂ ನಿಜವಾಗಿರಬೇಕು, ಮತ್ತು ಪರೀಕ್ಷೆ ಮಾಡಿ ನೋಡಲು ಬರುವಂತಿರಬೇಕು. ‘ಅತ್ಯುತ್ತಮ’, ‘ಅತಿ ಸುಲಭ’ ಎಂಬ ವಿಶೇಷಣಗಳನ್ನು ಯಾರೂ ಪರೀಕ್ಷಿಸಲಾರರು. ‘ಇಷ್ಟು ಖಾತೆಗಳನ್ನು ಇಟ್ಟುಕೊಳ್ಳಬಹುದು’, ‘ಮಧ್ಯದಲ್ಲಿ ವಿದ್ಯುತ್ತು ನಿಂತರೂ ಬರೆದ ಬಾಬತ್ತು ಅಳಿಯದು’ ಎಂಬ ಮಾತುಗಳನ್ನು ಪರೀಕ್ಷಿಸಬಹುದು. ಮಾರುವವನ ಮಾತಿನಲ್ಲಿ ಎರಡನೆಯ ಬಗೆಯದು ಎಷ್ಟಿದೆಯೆಂದು ಎಣಿಸಿ ನೋಡಿದರೆ, ವಸ್ತುವನ್ನು ತೆರೆಯುವ ಮೊದಲೇ ಅದರ ಗುಣದ ಒಂದು ಪಾಲು ತಿಳಿಯುತ್ತದೆ.

ಇನ್ನು ತಿಳಿಯುವ ಸಾಧನಗಳ ವಿಚಾರ. ಗೌತಮರ ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ತಂತ್ರಾಂಶವನ್ನು ಕೊಳ್ಳುವವನು ಅರಿತೋ ಅರಿಯದೆಯೋ ಈ ನಾಲ್ಕನ್ನೇ ಆಶ್ರಯಿಸುತ್ತಾನೆ. ಪ್ರತ್ಯಕ್ಷವೆಂದರೆ ತಾನೇ ನಡೆಸಿ ನೋಡುವುದು. ಮಾರುವವನು ತನ್ನ ಅಂಕಿಗಳಿಂದ ನಡೆಸಿ ತೋರಿಸುವ ಪ್ರದರ್ಶನವು ಪ್ರತ್ಯಕ್ಷವಲ್ಲ, ಪ್ರತ್ಯಕ್ಷದ ಆಭಾಸ. ಅನುಮಾನವೆಂದರೆ ತಯಾರಕರ ಹಿಂದಿನ ನಡೆಯಿಂದ ಮುಂದಿನದನ್ನು ಊಹಿಸುವುದು: ತೆರಿಗೆಯ ನಿಯಮ ಬದಲಾದಾಗ ಎಷ್ಟು ದಿನಗಳಲ್ಲಿ ತಿದ್ದುಪಡಿ ಬಂದಿತು, ದೋಷವನ್ನು ತೋರಿಸಿದಾಗ ಒಪ್ಪಿಕೊಂಡರೋ ಮುಚ್ಚಿದರೋ ಎಂಬಿವೇ ಅಲ್ಲಿ ಹೇತುಗಳು. ಉಪಮಾನವು ಹೋಲಿಕೆಯ ದಾರಿ. ಪಾವಗಡದ ನಿದರ್ಶನದಿಂದ ಅದರ ಮಿತಿಯು ಈಗಾಗಲೇ ತಿಳಿದಿದೆ.

ಶಬ್ದಪ್ರಮಾಣದಲ್ಲಿಯೇ ಅಪಾಯವು ಹೆಚ್ಚು. ಆಪ್ತನ ಮಾತು ಮಾತ್ರ ಪ್ರಮಾಣ. ವಸ್ತುವನ್ನು ಸಾಕ್ಷಾತ್ತಾಗಿ ತಿಳಿದವನಾಗಿ, ತಿಳಿದುದನ್ನು ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನೇ ಆಪ್ತನೆಂದೂ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ವಾತ್ಸ್ಯಾಯನರ ಭಾಷ್ಯವು ಹೇಳುತ್ತದೆ. ಮಾರಿದರೆ ದಳ್ಳಾಳಿ ಪಡೆಯುವವನಲ್ಲಿ ತಿಳಿವಳಿಕೆ ಇರಬಹುದು, ಎರಡನೆಯ ಲಕ್ಷಣವು ಸಂದಿಗ್ಧ. ಹಣ ಪಡೆದು ಹೊಗಳಿಕೆ ಬರೆಯುವವನಲ್ಲಿ ಎರಡೂ ಇಲ್ಲ. ಅದೇ ಪೇಟೆಯಲ್ಲಿ ಮೂರು ವರ್ಷ ಆ ತಂತ್ರಾಂಶದಲ್ಲಿ ಲೆಕ್ಕ ಬರೆದು, ಮಾರಾಟದಿಂದ ಒಂದು ಕಾಸನ್ನೂ ಪಡೆಯದ ಗುಮಾಸ್ತನಲ್ಲಿ ಎರಡೂ ಇವೆ. ಆದರೆ ಅವನನ್ನು ಕೇಳುವವರು ಅಪೂರ್ವ.

ಇಷ್ಟಾದರೂ ವಿಚಾರವು ಮುಗಿಯಲಿಲ್ಲ. ಕೊಂಡ ಮೇಲೆ ಪ್ರತಿದಿನವೂ ಅದು ಕೊಡುವ ಲೆಕ್ಕವನ್ನು ನಂಬುವುದು ಹೇಗೆ? ಜ್ಞಾನದ ಪ್ರಾಮಾಣ್ಯವು ಸ್ವತಃಸಿದ್ಧವೆಂದು ಮೀಮಾಂಸಕರೂ, ಪರತಃ, ಎಂದರೆ ಬೇರೊಂದರಿಂದ ತಿಳಿಯತಕ್ಕುದೆಂದು ನೈಯಾಯಿಕರೂ ವಾದಿಸಿದುದು ಪ್ರಸಿದ್ಧವಾಗಿದೆ. ಬೇಸಗೆಯ ಮಧ್ಯಾಹ್ನ ಪಾವಗಡದ ಬಯಲಿನಲ್ಲಿ ದೂರದಲ್ಲಿ ನೀರು ಹೊಳೆದಂತೆ ಕಂಡರೆ, ಅದು ನೀರೋ ಬಿಸಿಲುಗುದುರೆಯೋ ಎಂಬುದು ಹತ್ತಿರ ಹೋಗಿ ಕುಡಿದಾಗಲೇ ನಿಶ್ಚಯವಾಗುತ್ತದೆ ಎಂಬುದು ನೈಯಾಯಿಕರ ಪಕ್ಷ. ಗಣಕಯಂತ್ರದ ಮುಂದೆ ಕುಳಿತ ಮನುಷ್ಯನು ಮಾತ್ರ ತಾನರಿಯದೆಯೇ ಮೀಮಾಂಸಕನಾಗುತ್ತಾನೆ. ವೇದಕ್ಕೆ ಅವರು ಕೊಟ್ಟ ಸ್ಥಾನವನ್ನು ಇವನು ಪರದೆಗೆ ಕೊಡುತ್ತಾನೆ. ‘ಕಂಪ್ಯೂಟರಿನಲ್ಲಿ ಹಾಗೆ ಬಂದಿದೆ’ ಎಂಬ ಒಂದು ಮಾತು ಎದುರಿಗೆ ಚೀಟಿಯನ್ನು ಹಿಡಿದು ನಿಂತಿರುವ ರೈತನ ಬಾಯನ್ನು ಮುಚ್ಚಿಸುತ್ತದೆ.

ಇದರ ಪರಿಣಾಮವು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಬ್ರಿಟನ್ನಿನ ಅಂಚೆಕಚೇರಿಗಳ ವೃತ್ತಾಂತವು ಸಾಕು. ಅಲ್ಲಿ ೧೯೯೯ರಿಂದ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶವು ಬಳಕೆಗೆ ಬಂದಿತು. ಅದು ಸಿದ್ಧವಸ್ತುವೂ ಅಲ್ಲ, ಬಹು ವ್ಯಯದಿಂದ ಆ ಕೆಲಸಕ್ಕೆಂದೇ ಮಾಡಿಸಿದುದು. ಅದರ ಲೆಕ್ಕದಲ್ಲಿ ಚಿಕ್ಕ ಊರುಗಳ ಅಂಚೆಯವರ ಪೆಟ್ಟಿಗೆಯಲ್ಲಿ ಹಣವು ಕೊರತೆಯೆಂದು ಕಾಣತೊಡಗಿತು. ಯಂತ್ರವು ತಪ್ಪಲಾರದು, ಮನುಷ್ಯನೇ ಕದ್ದಿರಬೇಕು ಎಂಬ ನಂಬಿಕೆಯಿಂದ ೧೯೯೯ರಿಂದ ೨೦೧೫ರ ವರೆಗೆ ೯೦೦ಕ್ಕೂ ಹೆಚ್ಚು ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಕೆಲವರು ಸೆರೆಮನೆಗೆ ಹೋದರು. ಹಲವರು ಮನೆಮಾರುಗಳನ್ನು ಕಳೆದುಕೊಂಡರು. ಆ ತಂತ್ರಾಂಶದಲ್ಲಿ ದೋಷಗಳಿದ್ದುವೆಂದು ೨೦೧೯ರಲ್ಲಿ ಉಚ್ಚ ನ್ಯಾಯಾಲಯವು ಹೇಳಿತು. ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಲು ೨೦೨೪ರಲ್ಲಿ ಅಲ್ಲಿನ ಪಾರ್ಲಿಮೆಂಟು ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು. ತಂತ್ರಾಂಶವನ್ನು ಆರಿಸಿದವರು ಒಬ್ಬರು. ಅದರ ತಪ್ಪನ್ನು ಹೊತ್ತವರು ಮತ್ತೊಬ್ಬರು.

ಈ ಭೇದವೇ ಇಡೀ ವಿಷಯದ ಮರ್ಮ. ಮಡಕೆಯನ್ನು ತಟ್ಟಿ ಕೊಂಡವಳು ತಾನೇ ಅದರಲ್ಲಿ ಅಡಿಗೆ ಮಾಡುತ್ತಾಳೆ. ಸಹಕಾರ ಸಂಘದ ಲೆಕ್ಕದ ತಂತ್ರಾಂಶವನ್ನು ಆಡಳಿತ ಮಂಡಳಿಯು ಆರಿಸುತ್ತದೆ; ಅದರಲ್ಲಿರುವುದು ಸದಸ್ಯರ ಸಾಲ. ಅಡಿಕೆ ಮಂಡಿಯ ತಂತ್ರಾಂಶವನ್ನು ಮಂಡಿಯವನು ಕೊಳ್ಳುತ್ತಾನೆ. ಅದರಲ್ಲಿರುವುದು ಬೆಳೆಗಾರನ ತೂಕ. ಕೊಳ್ಳುವವನ ಸಂತೋಷವೇ ಗುಣವೆಂದರೆ ಎಂಥ ವಿಪರ್ಯಾಸವಾಗುವುದೆಂಬುದಕ್ಕೆ ಒಂದು ಉದಾಹರಣೆ: ಹಳೆಯ ಖಾತಾ ಪುಸ್ತಕದಲ್ಲಿ ಬರೆದುದನ್ನು ಹೊಡೆದುಹಾಕಿದರೆ ಹೊಡೆದ ಗುರುತು ಉಳಿಯುತ್ತಿತ್ತು. ಗುರುತಿಲ್ಲದೆ ಹಿಂದಿನ ತಾರೀಖಿನ ಬಾಬತ್ತನ್ನು ತಿದ್ದಲು ಬರುವುದೇ ಲೆಕ್ಕದ ತಂತ್ರಾಂಶದ ದೊಡ್ಡ ಸೌಕರ್ಯವೆಂದು ಬಗೆದ ವರ್ತಕರಿದ್ದರು. ಭಾರತ ಸರಕಾರವು ೨೦೨೧ರಲ್ಲಿ ಮಾಡಿದ ನಿಯಮವು ಮುಂದೂಡಲ್ಪಟ್ಟು ೨೦೨೩ನೆಯ ಇಸವಿ ಏಪ್ರಿಲ್ ೧ರಿಂದ ಜಾರಿಗೆ ಬಂದು, ಕಂಪೆನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ತಾರೀಖಿನೊಡನೆ ದಾಖಲೆ ಮಾಡಬೇಕೆಂದೂ, ಆ ದಾಖಲೆಯನ್ನು ನಿಲ್ಲಿಸಲು ಬರಬಾರದೆಂದೂ ವಿಧಿಸಿತು. ಕೊಳ್ಳುವವನಿಗೆ ಗುಣವಾಗಿ ಕಂಡುದು ಸಮಾಜಕ್ಕೆ ದೋಷವಾಗಿತ್ತು. ಇದು ಕಂಪೆನಿಗಳಿಗೆ ಮಾತ್ರ ವಿಧಿ. ಚಿಕ್ಕ ಅಂಗಡಿಯವನಿಗೆ ಅವನ ಅಂತಃಕರಣವೇ ನಿಯಮ.

ಇಲ್ಲಿ ಪೂರ್ವಪಕ್ಷವೊಂದುಂಟು. ಅಂಗಡಿಯವನಿಗೆ ಇಷ್ಟೆಲ್ಲ ಪರೀಕ್ಷೆಗೆ ಬಿಡುವೆಲ್ಲಿ? ನಂಬಿಕೆಯಿಲ್ಲದೆ ಲೋಕವ್ಯವಹಾರವು ಒಂದು ಗಳಿಗೆಯೂ ನಡೆಯದು. ವೈದ್ಯನು ಕೊಟ್ಟ ಮಾತ್ರೆಯನ್ನು ಪರೀಕ್ಷಿಸಿ ನುಂಗುವವರುಂಟೆ? ಪ್ರತಿಯೊಂದು ಜ್ಞಾನಕ್ಕೂ ಬೇರೊಂದು ಜ್ಞಾನವೇ ಸಾಕ್ಷಿಯಾಗಬೇಕಾದರೆ ಅನವಸ್ಥೆಯೇ ಗತಿ. ಈ ಆಕ್ಷೇಪವು ಬಲವಾದುದು, ಇದರಲ್ಲಿ ಸತ್ಯವೂ ಇದೆ. ಆದರೆ ನೈಯಾಯಿಕನು ಪ್ರತಿಯೊಂದನ್ನೂ ಸಂದೇಹಿಸೆಂದು ಹೇಳಲಿಲ್ಲ. ತಪ್ಪಿದರೆ ಹಾನಿ ದೊಡ್ಡದಾಗುವಲ್ಲಿ, ಅಭ್ಯಾಸವಿಲ್ಲದ ವಿಷಯದಲ್ಲಿ, ಪರೀಕ್ಷೆಯು ಅವಶ್ಯವೆಂಬುದೇ ಅವನ ಅಭಿಪ್ರಾಯ. ಆ ಪರೀಕ್ಷೆಯೂ ಒಂದು ದಿನದ ಕೆಲಸಕ್ಕಿಂತ ಹೆಚ್ಚಲ್ಲ. ಕಳೆದ ವರ್ಷದ ಒಂದು ತಿಂಗಳ ಲೆಕ್ಕ ಕೈಯಲ್ಲಿ ಸರಿಯಾಗಿ ಮುಗಿದಿದೆಯಷ್ಟೆ; ಅದನ್ನೇ ಹೊಸ ತಂತ್ರಾಂಶದಲ್ಲಿ ಬರೆದು, ಕೊನೆಯ ಶಿಲ್ಕು ಹಳೆಯ ಶಿಲ್ಕಿಗೆ ತಾಳೆಯಾಗುವುದೋ ನೋಡಬೇಕು. ಬೇಕೆಂದೇ ಒಂದು ತಪ್ಪನ್ನು ಹಾಕಿ, ಮೂವತ್ತೊಂದನೆಯ ಏಪ್ರಿಲ್ ಎಂದು ಬರೆದು, ಅದು ತಡೆಯುವುದೋ ನುಂಗುವುದೋ ಪರೀಕ್ಷಿಸಬೇಕು. ಕೆಲಸದ ಮಧ್ಯೆ ವಿದ್ಯುತ್ತನ್ನು ನಿಲ್ಲಿಸಿ ಏನು ಉಳಿಯಿತೆಂದು ನೋಡಬೇಕು. ಸರಿಯಾದ ಲೆಕ್ಕವನ್ನು ಎಲ್ಲ ತಂತ್ರಾಂಶಗಳೂ ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತವೆ. ಉತ್ತಮ ಮಧ್ಯಮಗಳ ತಾರತಮ್ಯವು ತಪ್ಪು ಬಂದಾಗ ಕಾಣುವುದು. ಮನುಷ್ಯರ ವಿಷಯದಲ್ಲಿಯೂ ಇದು ಹೀಗೆಯೇ ಅಲ್ಲವೆ?

ಒಮ್ಮೆ ಪರೀಕ್ಷಿಸಿದರೆ ಸಾಲದೆಂಬುದನ್ನೂ ಮರೆಯಬಾರದು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತು, ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದುದು ವಿದಿತವೇ ಆಗಿದೆ. ಅದರಲ್ಲಿ ತೂಕದ ಕಲ್ಲುಗಳಿಗೂ ಅಳತೆಗಳಿಗೂ ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕೆಂಬ ವಿಧಿಯಿದೆ. ಕಲ್ಲು ತಾನಾಗಿ ಬದಲಾಗುವುದು ಅಪೂರ್ವ. ತಂತ್ರಾಂಶವಾದರೋ ತಯಾರಕರು ಕಳುಹಿಸುವ ತಿದ್ದುಪಡಿಗಳಿಂದ ಒಡೆಯನು ಮಲಗಿರುವಾಗಲೂ ಬದಲಾಗುತ್ತದೆ. ೨೦೨೪ನೆಯ ಇಸವಿ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ರಕ್ಷಣಾ ತಂತ್ರಾಂಶದ ದೋಷಯುಕ್ತವಾದ ಒಂದು ತಿದ್ದುಪಡಿಯಿಂದ ಪ್ರಪಂಚದಲ್ಲಿ ಸುಮಾರು ೮೫ ಲಕ್ಷ ಗಣಕಯಂತ್ರಗಳು ನಿಂತುಹೋದುವು. ಭಾರತದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಡಬೇಕಾಯಿತು. ನಿನ್ನೆಯ ಗುಣವು ಇಂದಿನದಕ್ಕೆ ಹೊಣೆಯಲ್ಲ. ಕಾಲಕಾಲಕ್ಕೆ ಒಂದು ಪುಟವನ್ನಾದರೂ ಕೈಯಿಂದ ಕೂಡಿ ನೋಡುವುದು ಹಳೆಯ ಮುದ್ರೆಯ ಧರ್ಮವೇ ಸರಿ.

ಕೊನೆಯ ಪರೀಕ್ಷೆಯೊಂದುಂಟು, ಅದನ್ನು ಪ್ರಾಯಶಃ ಯಾರೂ ಮಾಡುವುದಿಲ್ಲ. ಬಿಟ್ಟುಹೋಗುವ ದಿನ ಏನಾಗುವುದು ಎಂಬುದೇ ಅದು. ಇದರ ಬೆಲೆಯನ್ನು ಕನ್ನಡಿಗರು ಪುಸ್ತಕಗಳ ವಿಷಯದಲ್ಲಿ ತೆತ್ತಿದ್ದಾರೆ. ಕನ್ನಡವನ್ನು ಮುದ್ರಣಕ್ಕೆ ಜೋಡಿಸಲು ಶ್ರೀಲಿಪಿ, ಆಕೃತಿ ಮೊದಲಾದ ಸಿದ್ಧ ತಂತ್ರಾಂಶಗಳು ಬಂದಾಗ ಅವು ಮಾಡಿದ ಉಪಕಾರವು ಚಿಕ್ಕದಲ್ಲ. ಅಚ್ಚುಮೊಳೆಗಳ ಕಾಲವು ಮುಗಿದು ಚಿಕ್ಕ ಊರುಗಳಲ್ಲಿಯೂ ಅಂದವಾದ ಪುಸ್ತಕಗಳು ಹೊರಟುವು. ಆದರೆ ಪ್ರತಿಯೊಂದು ಸಂಸ್ಥೆಯೂ ಅಕ್ಷರಗಳಿಗೆ ತನ್ನದೇ ಆದ ಒಳಸಂಕೇತವನ್ನಿಟ್ಟುಕೊಂಡಿತ್ತು. ಒಂದರಲ್ಲಿ ಬರೆದುದನ್ನು ಮತ್ತೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿಯೇ ಕಾಣುತ್ತಿತ್ತು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತವಾದ ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಮುದ್ರಣಾಲಯಗಳ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಪರಿವರ್ತನೆಯ ಸಾಧನಗಳು ಈಗ ಇವೆ; ಆದರೂ ಒತ್ತಕ್ಷರಗಳೂ ಅರ್ಕಾವೊತ್ತೂ ಸ್ಥಾನ ತಪ್ಪುವುದುಂಟು, ಸಾಲುಸಾಲಾಗಿ ಓದಿ ತಿದ್ದಬೇಕಾಗುತ್ತದೆ. ತಿದ್ದುವವರಿಲ್ಲದ ಕಡತಗಳು ಇದ್ದೂ ಇಲ್ಲದಂತಾಗಿವೆ. ಅಂದು ಅವುಗಳನ್ನು ಕೊಂಡವರು ಅಕ್ಷರದ ಅಂದವನ್ನು ನೋಡಿದರು, ಬೆಲೆಯನ್ನು ನೋಡಿದರು. ಬರೆದುದು ತಮ್ಮದಾಗಿಯೇ ಉಳಿಯುವುದೋ ಎಂಬುದನ್ನು ಕೇಳಲಿಲ್ಲ. ಲೆಕ್ಕದ ತಂತ್ರಾಂಶವನ್ನು ಕೊಳ್ಳುವವನು ಇಂದು ಆ ಪ್ರಶ್ನೆಯನ್ನು ಕೇಳಬಹುದು: ಹಣ ಕಟ್ಟುವುದನ್ನು ನಿಲ್ಲಿಸಿದ ಮರುದಿನ ನನ್ನ ಹತ್ತು ವರ್ಷದ ಲೆಕ್ಕವನ್ನು ನಾನು ಓದಬಲ್ಲೆನೆ? ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡುವ ತಯಾರಕನಲ್ಲಿ ಉಳಿದ ಗುಣಗಳನ್ನು ಹುಡುಕುವುದು ಸಾರ್ಥಕ.

ಇಷ್ಟರಿಂದ ಫಲಿತವಾಗುವುದೇನೆಂದರೆ, ಸಿದ್ಧ ತಂತ್ರಾಂಶದ ಗುಣವನ್ನು ಅಳೆಯತಕ್ಕ ಕೋಲು ಕೊಳ್ಳುವವನ ಸೌಕರ್ಯವಲ್ಲ. ಅದರ ಲೆಕ್ಕಕ್ಕೆ ಒಳಪಟ್ಟೂ ಅದನ್ನು ಆರಿಸುವಾಗ ಎದುರಿಗಿಲ್ಲದವನ ಕ್ಷೇಮ. ಸಿದ್ಧವಾಗಿ ದೊರೆಯುವುದು ವಸ್ತು ಮಾತ್ರ. ವಿವೇಕವು ಸಿದ್ಧವಾಗಿ ದೊರೆಯುವುದಿಲ್ಲ. ಚೀಟಿಯನ್ನು ಹಿಡಿದು ಬಂದ ರೈತನು ‘ಸ್ವಾಮಿ, ಇದರಲ್ಲಿ ಬೇರೆ ಇದೆಯಲ್ಲ’ ಎಂದಾಗ, ಪರದೆಯ ಕಡೆಗೆ ಬೆರಳು ತೋರಿಸದೆ ಆ ಚೀಟಿಯನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಕೂಡಿ ನೋಡುವ ಗುಮಾಸ್ತನಿರುವ ಅಂಗಡಿಯಲ್ಲಿ ಸಾಧಾರಣ ತಂತ್ರಾಂಶದಿಂದಲೂ ನ್ಯಾಯವು ನಡೆಯುತ್ತದೆ. ಅಂಥವನಿಲ್ಲದ ಕಡೆಯಲ್ಲಿ ಅತ್ಯುತ್ತಮವಾದ ತಂತ್ರಾಂಶವೂ ಅನ್ಯಾಯವನ್ನು ವೇಗವಾಗಿ, ಅಂದವಾಗಿ ಬರೆದಿಡುತ್ತದೆ.